ಕಡಲಲೆಯ ದಾಖಲೆಯನ್ನು ಓದುವ ಕ್ರಮ

೧

ಮುಂಡರಗಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಹತ್ತಿಕೊಂಡಿರುವ ಕೊರ್ಲಹಳ್ಳಿ, ಹಮ್ಮಿಗಿ ಮೊದಲಾದ ಹೊಳೆಸಾಲಿನ ಊರುಗಳ ಜನರಿಗೆ ಒಂದು ಸಂಗತಿ ತಲೆತಲಾಂತರದಿಂದ ತಿಳಿದಿದೆ. ತಮ್ಮ ಹೊಲಗಳ ಮೇಲೆ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ಬರಬಹುದು. ದೂರದ ಮಲೆನಾಡಿನಲ್ಲಿ ಮಳೆ ಹಿಡಿದ ಕೆಲವು ದಿನಗಳ ಮೇಲೆ, ಇಲ್ಲಿ ಆಕಾಶ ನಿರ್ಮಲವಾಗಿರುವಾಗಲೇ, ಕೆನ್ನೀರು ಬಂದು ದಂಡೆಯನ್ನು ಮುಟ್ಟುತ್ತದೆ. ಆದುದರಿಂದ ಹೊಳೆಸಾಲಿನವರು ತಮ್ಮ ತಲೆಯ ಮೇಲಿನ ಮೋಡವನ್ನಷ್ಟೇ ನೋಡಿ ಹೊಳೆಗೆ ಇಳಿಯುವುದಿಲ್ಲ; ಮೇಲುನಾಡಿನ ಸುದ್ದಿಯನ್ನು ಕೇಳಿಕೊಂಡು ಇಳಿಯುತ್ತಾರೆ.

ಕಡಲಿನ ವಿಷಯದಲ್ಲಿಯೂ ಇದೇ ನ್ಯಾಯವುಂಟು. ದಂಡೆಯಲ್ಲಿ ಗಾಳಿಯೇ ಇಲ್ಲದ ದಿನ, ಸಾವಿರಾರು ಮೈಲಿ ಆಚೆ ಎಂದೋ ಬೀಸಿದ ಬಿರುಗಾಳಿಯ ಅಲೆಗಳು ಬಂದು ಬಡಿಯುವುದುಂಟು. ಆದರೆ ಬಯಲುಸೀಮೆಯವರಾದ ನಮಗೆ ಈ ತಿಳಿವಳಿಕೆ ಇಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ವಿದ್ಯಾರ್ಥಿಗಳಲ್ಲಿ ಅನೇಕರು ಕಡಲನ್ನು ಮೊದಲು ಕಾಣುವುದು ಶೈಕ್ಷಣಿಕ ಪ್ರವಾಸದಲ್ಲಿ, ಗೋಕರ್ಣದಲ್ಲಿಯೋ ಮುರ್ಡೇಶ್ವರದಲ್ಲಿಯೋ ಕಾರವಾರದಲ್ಲಿಯೋ. ಅವರ ಹೊಣೆ ಹೊತ್ತು ಹೋಗುವ ಅಧ್ಯಾಪಕನೂ ಕಡಲಿಗೆ ಅವರಷ್ಟೇ ಹೊಸಬನಾಗಿರುತ್ತಾನೆ. ೨೦೨೪ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಬಾಲಕಿಯರು ಮುರ್ಡೇಶ್ವರದ ಕಡಲಿನಲ್ಲಿ ತೀರಿಕೊಂಡ ವಾರ್ತೆಯನ್ನು ನಾವೆಲ್ಲರೂ ಓದಿದ್ದೇವೆ. ಅದೇ ವರ್ಷದ ಮೇ ೬ರಂದು ಕನ್ಯಾಕುಮಾರಿ ಜಿಲ್ಲೆಯ ಒಂದು ಕಡಲತೀರದಲ್ಲಿ ಐವರು ವೈದ್ಯವಿದ್ಯಾರ್ಥಿಗಳು ಅಲೆಗಳಿಗೆ ಬಲಿಯಾದರು. ಎರಡನೆಯ ಸಂದರ್ಭದಲ್ಲಿ ದೂರದ ಅಲೆಗಳು ಬರಲಿವೆಯೆಂಬ ಎಚ್ಚರಿಕೆ ಮೊದಲೇ ಪ್ರಕಟವಾಗಿತ್ತು. ದಾಖಲೆ ಇತ್ತು, ಅದನ್ನು ಓದುವ ರೂಢಿ ಇರಲಿಲ್ಲ.

ಇತಿಹಾಸದ ಅಧ್ಯಾಪಕನೊಬ್ಬನು ಅಲೆಗಳ ವಿಷಯವಾಗಿ ಬರೆಯುವುದು ಕೆಲವರಿಗೆ ಅಧಿಕಪ್ರಸಂಗವಾಗಿ ತೋರಬಹುದು. ಆದರೆ ಕಡಲಿನಲ್ಲಿ ಕಟ್ಟಿಬಿಟ್ಟ ಯಂತ್ರವು ಅರ್ಧ ಗಂಟೆಗೊಮ್ಮೆ ಬರೆದು ಕಳುಹಿಸುವುದೂ ಒಂದು ದಾಖಲೆಯೇ. ಯಾವ ದಾಖಲೆಯನ್ನಾದರೂ ಓದುವಾಗ ಕೇಳಬೇಕಾದ ಪ್ರಶ್ನೆಗಳು ಒಂದೇ: ಇದು ಎಲ್ಲಿಂದ ಬಂತು, ಎಂದು ಹೊರಟಿತು, ದಾರಿಯಲ್ಲಿ ಏನು ಬದಲಾಯಿತು? ಈ ಪ್ರಶ್ನೆಗಳ ನೆರವಿನಿಂದ ಅಲೆಯ ದಾಖಲೆಯನ್ನು ಓದುವ ಕ್ರಮವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ನಮ್ಮ ಸೀಮೆಗೂ ಕಡಲಿಗೂ ಹಿಂದೆ ಸಂಬಂಧವಿರಲಿಲ್ಲವೆಂದು ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ನೆಲದ ಹೆಸರು ಹಿಂದೆ ಬಿದ್ದು, ಹಡಗು ಹತ್ತಿದ ಬಂದರಿನ ಹೆಸರಿನಿಂದ ಅದು ವ್ಯಾಪಾರದಲ್ಲಿ ‘ಕುಮಟಾ ಹತ್ತಿ’ಯೆಂದು ಪ್ರಸಿದ್ಧವಾಯಿತು. ೧೮೬೧ರಿಂದ ೧೮೬೫ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿಗೆ ಅಮೆರಿಕದ ಹತ್ತಿ ತಪ್ಪಿದಾಗ ಈ ವ್ಯಾಪಾರ ಬಹಳ ಬೆಳೆಯಿತು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದುದರ ಹಿಂದೆಯೂ ಹತ್ತಿ ಮತ್ತು ಬಂದರುಗಳ ಪ್ರಶ್ನೆ ಇದ್ದಿತು. ೧೮೮೦ರ ದಶಕದಲ್ಲಿ ಗದಗಿಗೆ ರೈಲು ಬಂದ ಮೇಲೆ ಹತ್ತಿ ಆ ದಾರಿಯನ್ನು ಬಿಟ್ಟಿತು.

ಆ ವ್ಯಾಪಾರಕ್ಕೆ ಕಾಲದ ಕಟ್ಟೊಂದಿತ್ತು. ಮಳೆಗಾಲದ ಅಲೆಗಳು ಎದ್ದರೆ ಕುಮಟೆಯಂತಹ ತೆರೆದ ಬಂದರಿನಲ್ಲಿ ಹಡಗು ನಿಲ್ಲುವಂತಿರಲಿಲ್ಲ. ಮಳೆಗೆ ಮೊದಲು ಮಾಲು ಹಡಗು ಹತ್ತಬೇಕು; ಇಲ್ಲವಾದರೆ ಮುಂದಿನ ಹಂಗಾಮಿನವರೆಗೆ ಕಾಯಬೇಕು. ಕರಾವಳಿಯವರು ಇಂದಿಗೂ ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುವುದರಲ್ಲಿ ಈ ಕಾಲಗಣನೆಯ ನೆನಪಿದೆ. ಆದರೆ ತಿಥಿಯಿಂದ ತಿಳಿಯುವುದು ಋತುವಿನ ಸಾಮಾನ್ಯ ನಡೆ ಮಾತ್ರ. ಇಂತಹ ದಿನ ಇಂತಹ ಅಲೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಅಳತೆ ಬೇಕು.

೩

ಅಳೆಯುವ ಸಾಧನವನ್ನು ಇಂಗ್ಲಿಷಿನಲ್ಲಿ ‘ಬಾಯ್’ ಎನ್ನುತ್ತಾರೆ. ಇಲ್ಲಿ ‘ತೇಲುಗುಂಡು’ ಎಂದು ಕರೆಯೋಣ. ಹೆಚ್ಚು ಬಳಕೆಯಲ್ಲಿರುವ ಡಚ್ ಮಾದರಿಯದು ಹಳದಿ ಬಣ್ಣದ ಲೋಹದ ಗೋಳ. ಅದರ ವ್ಯಾಸ ೦.೭ ಅಥವಾ ೦.೯ ಮೀಟರ್. ಅದನ್ನು ಸಮುದ್ರದ ತಳಕ್ಕೆ ಹಿಗ್ಗುವ ರಬ್ಬರಿನ ಹಗ್ಗದಿಂದ ಕಟ್ಟಿರುತ್ತಾರೆ. ಹಗ್ಗ ಹಿಗ್ಗುವುದರಿಂದ ಗುಂಡು ಅಲೆಯೊಡನೆ ತಡೆಯಿಲ್ಲದೆ ಏರಿಳಿಯುತ್ತದೆ. ಒಳಗಿರುವ ವೇಗೋತ್ಕರ್ಷಮಾಪಕಗಳು ಅದರ ಚಲನೆಯನ್ನು ಮೂರು ದಿಕ್ಕುಗಳಲ್ಲಿ ಗುರುತಿಸುತ್ತವೆ: ಮೇಲೆ-ಕೆಳಗೆ, ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ.

ಮೂರು ದಿಕ್ಕುಗಳ ಅಳತೆ ಏಕೆ ಬೇಕೆಂಬುದನ್ನು ತಿಳಿಯಲು ಒಂದು ಸಂಗತಿಯನ್ನು ನೆನಪಿಡಬೇಕು. ಹೊಳೆ ನೀರನ್ನು ಹೊತ್ತು ತರುತ್ತದೆ, ಅಲೆ ಹಾಗಲ್ಲ. ಅಲೆ ಮುಂದೆ ಹೋದರೂ ನೀರು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ನೀರಿನ ಮೇಲೆ ತೇಲುವ ಕಡ್ಡಿಯೊಂದನ್ನು ಗಮನಿಸಿದರೆ ಅಲೆಯ ನೆತ್ತಿಯಲ್ಲಿ ಅದು ಮುಂದಕ್ಕೂ ತಗ್ಗಿನಲ್ಲಿ ಹಿಂದಕ್ಕೂ ಸರಿದು, ಒಂದು ಸುತ್ತು ಸುತ್ತಿ, ಹೆಚ್ಚುಕಡಿಮೆ ಮೊದಲಿನ ಸ್ಥಳಕ್ಕೇ ಬರುವುದು ಕಾಣುತ್ತದೆ. ತೇಲುಗುಂಡೂ ಹಾಗೆಯೇ. ಅದು ಅತ್ಯಂತ ಮೇಲೇರಿದ ಕ್ಷಣದಲ್ಲಿ ಯಾವ ಕಡೆಗೆ ಸರಿಯುತ್ತಿತ್ತೋ ಆ ಕಡೆಗೇ ಅಲೆ ಪಯಣಿಸುತ್ತಿದೆಯೆಂದು ತಿಳಿಯಬೇಕು. ಏರಿಳಿತವನ್ನೂ ಅಡ್ಡಚಲನೆಯನ್ನೂ ಕೂಡಿಸಿ ನೋಡಿದಾಗ ಮಾತ್ರ ದಿಕ್ಕು ತಿಳಿಯುತ್ತದೆ.

ಯಂತ್ರವು ಸೆಕೆಂಡಿಗೆ ೧.೨೮ ಸಲದಂತೆ ತನ್ನ ಸ್ಥಾನವನ್ನು ಬರೆದುಕೊಳ್ಳುತ್ತದೆ. ೨೦೦ ಸೆಕೆಂಡುಗಳ ಎಂಟು ಖಂಡಗಳನ್ನು, ಎಂದರೆ ಸುಮಾರು ೨೭ ನಿಮಿಷಗಳ ಬರಹವನ್ನು, ಒಟ್ಟುಗೂಡಿಸಿ ಗಣಿತದಿಂದ ವಿಂಗಡಿಸಿ, ಅರ್ಧ ಗಂಟೆಗೊಂದು ಫಲಿತಾಂಶವನ್ನು ರೇಡಿಯೋ ಅಥವಾ ಉಪಗ್ರಹದ ಮೂಲಕ ದಡಕ್ಕೆ ಕಳುಹಿಸುತ್ತದೆ. ೧೯೬೬ರಲ್ಲಿ ಸ್ಥಾಪಿತವಾಗಿ ಗೋವೆಯ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹೊನ್ನಾವರದ ಬಳಿ ಸುಮಾರು ೯ ಮೀಟರ್ ಆಳದ ನೀರಿನಲ್ಲಿ ಇಂತಹ ತೇಲುಗುಂಡನ್ನಿಟ್ಟು ಹಲವು ವರ್ಷಗಳ ಅಳತೆಗಳನ್ನು ಪ್ರಕಟಿಸಿದ್ದಾರೆ. ೧೯೯೯ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಕಾರವಾರವೂ ಸೇರಿದಂತೆ ದೇಶದ ಕರಾವಳಿಯ ಅನೇಕ ಕಡೆ ಇವುಗಳನ್ನಿಟ್ಟು, ಮುನ್ಸೂಚನೆಗಳನ್ನು ಸಾರ್ವಜನಿಕರಿಗೆ ಒದಗಿಸುತ್ತಿದೆ.

೪

ಈ ದಾಖಲೆಯಲ್ಲಿ ಮುಖ್ಯವಾಗಿ ಮೂರು ಅಂಕಿಗಳಿರುತ್ತವೆ: ಎತ್ತರ, ಆವರ್ತಕಾಲ, ದಿಕ್ಕು.

ಎತ್ತರವೆಂದು ಕೊಡುವುದು ‘ಗಣ್ಯ ಎತ್ತರ’. ಅರ್ಧ ಗಂಟೆಯಲ್ಲಿ ಬಂದ ಅಲೆಗಳನ್ನು ಎತ್ತರದ ಕ್ರಮದಲ್ಲಿ ಜೋಡಿಸಿ, ಮೇಲಿನ ಮೂರನೆಯ ಒಂದು ಪಾಲಿನ ಸರಾಸರಿಯನ್ನು ತೆಗೆದರೆ ಬರುವುದು ಇದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸೇನೆಯನ್ನು ಕಡಲದಂಡೆಗಳಲ್ಲಿ ಇಳಿಸಬೇಕಾಗಿ ಬಂದಾಗ, ಹೆರಾಲ್ಡ್ ಸ್ವೆರ್ಡ್ರುಪ್ ಮತ್ತು ವಾಲ್ಟರ್ ಮಂಕ್ ಎಂಬ ವಿಜ್ಞಾನಿಗಳು ಈ ಪರಿಕಲ್ಪನೆಯನ್ನು ಬಳಕೆಗೆ ತಂದರು. ಅನುಭವಿಯಾದ ನಾವಿಕನು ಕಣ್ಣಂದಾಜಿನಿಂದ ಹೇಳುವ ಎತ್ತರಕ್ಕೆ ಇದು ಸಮೀಪವಾಗಿರುತ್ತದೆ. ಆದರೆ ಇದು ಸರಾಸರಿಯೆಂಬುದನ್ನು ಮರೆಯಬಾರದು. ಗಣ್ಯ ಎತ್ತರ ೧ ಮೀಟರ್ ಎಂದಿದ್ದರೆ ಅದೇ ಅರ್ಧ ಗಂಟೆಯಲ್ಲಿ ಒಂದೂವರೆಯಿಂದ ಎರಡು ಮೀಟರಿನ ವರೆಗಿನ ಒಂಟಿ ಅಲೆ ಬರುವುದು ಅಸಹಜವಲ್ಲ.

ಆವರ್ತಕಾಲವೆಂದರೆ ಒಂದು ನೆತ್ತಿ ಹಾದುಹೋದ ಮೇಲೆ ಮತ್ತೊಂದು ನೆತ್ತಿ ಬರುವವರೆಗಿನ ಸೆಕೆಂಡುಗಳು. ಅಲೆಯ ಜಾತಿಯನ್ನು ಹೇಳುವುದು ಇದೇ. ಹತ್ತಿರದ ಗಾಳಿಯಿಂದ ಆಗತಾನೆ ಎದ್ದ ಅಲೆಗಳ ಆವರ್ತಕಾಲ ಮೂರರಿಂದ ಐದು ಸೆಕೆಂಡುಗಳಷ್ಟಿರುತ್ತದೆ, ಇವು ಗಾಳಿಯಲೆಗಳು. ದೂರದ ಬಿರುಗಾಳಿಯಲ್ಲಿ ಹುಟ್ಟಿ, ಆ ಗಾಳಿಯ ಸೀಮೆಯನ್ನು ದಾಟಿ ಬಂದ ಅಲೆಗಳು ನುಣುಪಾಗಿಯೂ ಉದ್ದವಾಗಿಯೂ ಇರುತ್ತವೆ. ಇಂಗ್ಲಿಷಿನಲ್ಲಿ ‘ಸ್ವೆಲ್’ ಎನ್ನುವ ಇವನ್ನು ಇಲ್ಲಿ ‘ಉಬ್ಬಲೆ’ ಎಂದು ಕರೆದಿದೆ. ಬಹುದೂರದ ಉಬ್ಬಲೆಗಳ ಆವರ್ತಕಾಲ ಹನ್ನೆರಡರಿಂದ ಇಪ್ಪತ್ತು ಸೆಕೆಂಡುಗಳವರೆಗೆ ಇರುವುದುಂಟು.

ದಿಕ್ಕೆಂದರೆ ಅಲೆ ಬಂದ ದಿಕ್ಕು, ಹೋಗುವ ದಿಕ್ಕಲ್ಲ. ಉತ್ತರವನ್ನು ಸೊನ್ನೆಯೆಂದಿಟ್ಟು ಪೂರ್ವಕ್ಕೆ ೯೦, ದಕ್ಷಿಣಕ್ಕೆ ೧೮೦, ಪಶ್ಚಿಮಕ್ಕೆ ೨೭೦ ಅಂಶಗಳೆಂದು ಎಣಿಸುತ್ತಾರೆ. ೨೨೫ ಎಂದಿದ್ದರೆ ಅದು ನೈರುತ್ಯದಿಂದ ಬಂದ ಅಲೆ.

ಎತ್ತರವೊಂದನ್ನೇ ಓದಿ ಉಳಿದೆರಡನ್ನು ಬಿಡುವುದು ಹೊಸಬರು ಮಾಡುವ ತಪ್ಪು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಆಳಸಮುದ್ರದಲ್ಲಿ ಎರಡು ಅಲೆಗಳು. ಎರಡರ ಎತ್ತರವೂ ೧ ಮೀಟರ್. ಒಂದರ ಆವರ್ತಕಾಲ ೫ ಸೆಕೆಂಡು, ಮತ್ತೊಂದರದು ೧೬ ಸೆಕೆಂಡು. ಆಳದ ನೀರಿನಲ್ಲಿ ಅಲೆಯ ಉದ್ದವು ಆವರ್ತಕಾಲದ ವರ್ಗವನ್ನು ೧.೫೬ರಿಂದ ಗುಣಿಸಿದಷ್ಟು ಮೀಟರ್ ಇರುತ್ತದೆ. ಈ ಲೆಕ್ಕದಂತೆ ಮೊದಲನೆಯದರ ಉದ್ದ ೩೯ ಮೀಟರ್, ಎರಡನೆಯದರದು ಸುಮಾರು ೪೦೦ ಮೀಟರ್. ಎರಡನೆಯದು ದಡಕ್ಕೆ ತರುವ ಶಕ್ತಿ ಮೊದಲನೆಯದರ ಮೂರು ಪಟ್ಟಿಗೂ ಮಿಗಿಲು. ಮೂರು ಮೀಟರ್ ಆಳದ ನೀರಿಗೆ ಬರುವಷ್ಟರಲ್ಲಿ ಮೊದಲನೆಯದು ತನ್ನ ಎತ್ತರದಲ್ಲಿಯೇ ಉಳಿದರೆ, ಎರಡನೆಯದು ಒಂದೂವರೆ ಮೀಟರಿನಷ್ಟು ಎದ್ದು ನಿಲ್ಲುತ್ತದೆ. ಆದರೂ ದೂರದಿಂದ ನೋಡುವವನಿಗೆ ಮೊದಲನೆಯದೇ ಕೆರಳಿದ ಕಡಲಾಗಿಯೂ ಎರಡನೆಯದು ಶಾಂತವಾದ ಕಡಲಾಗಿಯೂ ಕಾಣುತ್ತದೆ. ಅಲ್ಲದೆ ಉಬ್ಬಲೆಗಳು ಗುಂಪುಗುಂಪಾಗಿ ಬರುತ್ತವೆ. ಎರಡು ಗುಂಪುಗಳ ನಡುವೆ ಕೆಲವು ನಿಮಿಷ ನೀರು ತಣ್ಣಗಿರುತ್ತದೆ. ಬಯಲುಸೀಮೆಯ ಹುಡುಗರು ನೀರಿಗೆ ಇಳಿಯುವುದು ಆ ಕೆಲವು ನಿಮಿಷಗಳಲ್ಲಿಯೇ.

೫

ಕಡಲಿನಲ್ಲಿ ಒಂದು ಕಾಲಕ್ಕೆ ಒಂದೇ ಬಗೆಯ ಅಲೆ ಇರುತ್ತದೆಂದು ತಿಳಿಯಲಾಗದು. ಲಕ್ಷ್ಮೇಶ್ವರದ ಶಾಸನಗಳಲ್ಲಿ ಒಂದೇ ಶಿಲೆಯ ಮೇಲೆ ಗಂಗರ ಮಾರಸಿಂಹನ ದಾನವೂ ಬಾದಾಮಿ ಚಾಲುಕ್ಯ ಅರಸರ ದಾನಗಳೂ ಒಟ್ಟಿಗೆ ಕೊರೆಯಲ್ಪಟ್ಟಿರುವುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಕಲ್ಲು ಒಂದಾದರೂ ಅದರ ಮೇಲಿನ ದಾಖಲೆಗಳು ಬೇರೆ ಬೇರೆ. ತೇಲುಗುಂಡಿನ ಒಂದು ಬರಹದಲ್ಲಿಯೂ ಹೀಗೆಯೇ ಅನೇಕ ಅಲೆಗಳು ಒಂದರ ಮೇಲೊಂದು ಬರೆದುಕೊಂಡಿರುತ್ತವೆ. ಇವನ್ನು ಬೇರ್ಪಡಿಸಿ ಯಾವ ಆವರ್ತಕಾಲದಲ್ಲಿ ಎಷ್ಟು ಶಕ್ತಿಯಿದೆಯೆಂದು ತೋರಿಸುವ ನಕ್ಷೆಗೆ ಶಕ್ತಿರೋಹಿತವೆಂದು ಹೆಸರು. ಅದರಲ್ಲಿ ಎಷ್ಟು ಶಿಖರಗಳಿವೆಯೋ ಅಷ್ಟು ಬಗೆಯ ಅಲೆಗಳು ಕೂಡಿವೆಯೆಂದು ಸ್ಥೂಲವಾಗಿ ತಿಳಿಯಬಹುದು.

ನಮ್ಮ ಕರಾವಳಿಯಲ್ಲಿ ಮಳೆಗಾಲವಲ್ಲದ ತಿಂಗಳುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳು ಕಂಡುಬರುತ್ತವೆ. ಮಧ್ಯಾಹ್ನದ ಮೇಲೆ ಬೀಸುವ ಕಡಲಗಾಳಿಯಿಂದ ವಾಯವ್ಯದ ಕಡೆಯಿಂದೇಳುವ ಚಿಕ್ಕ ಗಾಳಿಯಲೆಗಳು ಒಂದು. ನವೆಂಬರಿನಿಂದ ಮಾರ್ಚಿಯವರೆಗೆ, ಅರಬಸ್ಥಾನದ ಕಡೆ ಬೀಸುವ ‘ಶಮಾಲ್’ ಎಂಬ ಗಾಳಿಯಿಂದ ಹುಟ್ಟಿ, ಅದೇ ವಾಯವ್ಯದಿಂದ ಬರುವ ಆರೆಂಟು ಸೆಕೆಂಡುಗಳ ಉಬ್ಬಲೆಗಳು ಎರಡು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿ, ಸಮಭಾಜಕವೃತ್ತವನ್ನು ದಾಟಿ, ದಕ್ಷಿಣ ಮತ್ತು ನೈರುತ್ಯಗಳ ನಡುವಿನಿಂದ ಬರುವ ದೀರ್ಘ ಉಬ್ಬಲೆಗಳು ಮೂರು. ಮಳೆಗಾಲದಲ್ಲಿ ಪಶ್ಚಿಮ ಮತ್ತು ನೈರುತ್ಯದ ದೊಡ್ಡ ಅಲೆಗಳು ಇವೆಲ್ಲವನ್ನೂ ಮುಚ್ಚಿಬಿಡುತ್ತವೆ. ಆಗ ಕಡಲು ತನ್ನ ಅಪಾಯವನ್ನು ಮರೆಸುವುದಿಲ್ಲ, ನೋಡಿದವರೆಲ್ಲ ಹಿಂದೆ ಸರಿಯುತ್ತಾರೆ. ಮೂರನೆಯ ಬಗೆಯ ಉಬ್ಬಲೆ ಬರುವುದು ಆಕಾಶ ತಿಳಿಯಾಗಿರುವ, ಪ್ರವಾಸಕ್ಕೆ ಅನುಕೂಲವಾದ ದಿನಗಳಲ್ಲಿ.

ಲಕ್ಷ್ಮೇಶ್ವರದ ಆ ಶಾಸನಗಳಿಂದ ಇನ್ನೊಂದು ಪಾಠವೂ ಉಂಟು. ಅವುಗಳಲ್ಲಿ ಬಾದಾಮಿ ಚಾಲುಕ್ಯರ ಹೆಸರಿದ್ದರೂ ಲಿಪಿಯು ನಂತರದ ಕಾಲದ್ದು. ಆದುದರಿಂದ ವಿದ್ವಾಂಸರು ಅವನ್ನು ಮೂಲವೆಂದು ಸ್ವೀಕರಿಸದೆ, ನಂತರದ ಕೈಯಿಂದ ಬಂದ ಪಾಠವೆಂದು ಎಚ್ಚರಿಕೆಯಿಂದ ಬಳಸುತ್ತಾರೆ. ದಡಕ್ಕೆ ಹತ್ತಿರವಿರುವ ತೇಲುಗುಂಡು ತೋರಿಸುವ ದಿಕ್ಕನ್ನೂ ಹಾಗೆಯೇ ಬಳಸಬೇಕು. ತನ್ನ ಉದ್ದದ ಅರ್ಧಕ್ಕಿಂತ ಆಳ ಕಡಿಮೆಯಾದೊಡನೆ ಅಲೆಗೆ ತಳದ ಸೋಂಕು ತಗಲುತ್ತದೆ. ಹದಿನೈದು ಸೆಕೆಂಡಿನ ಉಬ್ಬಲೆಗೆ ೧೭೫ ಮೀಟರ್ ಆಳದಲ್ಲಿಯೇ ಇದು ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಆಳ ಕಡಿಮೆಯಿರುವ ಕಡೆ ಅಲೆಯ ನಡಿಗೆ ನಿಧಾನವಾಗಿ, ನೆತ್ತಿಯ ಸಾಲು ಬಾಗಿ, ದಡಕ್ಕೆ ಎದುರಾಗಿ ತಿರುಗುತ್ತದೆ. ದಕ್ಷಿಣದಿಂದ ಹೊರಟ ಅಲೆಯೂ ಹೊನ್ನಾವರದ ೯ ಮೀಟರ್ ನೀರಿಗೆ ಬರುವಾಗ ನೈರುತ್ಯದ್ದಾಗಿಯೋ ಇನ್ನೂ ಪಶ್ಚಿಮಕ್ಕೆ ವಾಲಿದುದಾಗಿಯೋ ತೋರಬಹುದು. ಬಾಗದೆ ಉಳಿಯುವುದು ಆವರ್ತಕಾಲ. ಮೂಲವನ್ನು ಹುಡುಕುವವನು ಅದನ್ನೇ ಹೆಚ್ಚಾಗಿ ನೆಚ್ಚಬೇಕು.

೬

ಆವರ್ತಕಾಲದಿಂದ ಅಲೆ ಎಂದು, ಎಷ್ಟು ದೂರದಿಂದ ಹೊರಟಿತೆಂಬುದನ್ನು ಲೆಕ್ಕ ಹಾಕಬಹುದು. ಆಳದ ನೀರಿನಲ್ಲಿ ಅಲೆಗಳ ಗುಂಪು ಸೆಕೆಂಡಿಗೆ ಆವರ್ತಕಾಲದ ೦.೭೮ ಪಟ್ಟು ಮೀಟರಿನಂತೆ ಸಾಗುತ್ತದೆ. ಇಪ್ಪತ್ತು ಸೆಕೆಂಡಿನ ಅಲೆ ದಿನಕ್ಕೆ ಸುಮಾರು ೧,೩೫೦ ಕಿಲೋಮೀಟರ್ ಹೋದರೆ ಹನ್ನೆರಡು ಸೆಕೆಂಡಿನದು ಸುಮಾರು ೮೧೦ ಕಿಲೋಮೀಟರ್ ಹೋಗುತ್ತದೆ. ಒಂದೇ ಬಿರುಗಾಳಿಯಿಂದ ಒಟ್ಟಿಗೆ ಹೊರಟರೂ ಉದ್ದನೆಯವು ಮೊದಲು, ಗಿಡ್ಡನೆಯವು ಆಮೇಲೆ ಬಂದು ಸೇರುತ್ತವೆ. ಜಾತ್ರೆಗೆ ಒಂದೇ ಊರಿನಿಂದ ಹೊರಟ ಗಾಡಿಗಳಲ್ಲಿ ಹುರುಪಿನ ಎತ್ತಿನವು ಮುಂದಾಗುವಂತೆ, ದಾರಿ ಉದ್ದವಾದಷ್ಟೂ ನಡುವಿನ ಅಂತರ ಹೆಚ್ಚುತ್ತದೆ. ಆ ಅಂತರವನ್ನು ಅಳೆದರೆ ದಾರಿಯ ಉದ್ದ ಸಿಕ್ಕುತ್ತದೆ.

ದಾಖಲೆಯಲ್ಲಿ ಒಂದು ದಿನ ಇಪ್ಪತ್ತು ಸೆಕೆಂಡಿನ ಅಲೆ ತೋರಿ, ೨೭ ಗಂಟೆಗಳ ಮೇಲೆ ಶಿಖರವು ಹದಿನಾರು ಸೆಕೆಂಡಿಗೆ ಇಳಿಯಿತೆಂದು ಭಾವಿಸೋಣ. ೨೭ನ್ನು ೧೬ರಿಂದ ಗುಣಿಸಿ, ಎರಡು ಆವರ್ತಕಾಲಗಳ ವ್ಯತ್ಯಾಸವಾದ ೪ರಿಂದ ಭಾಗಿಸಿದರೆ ೧೦೮ ಬರುತ್ತದೆ. ಮೊದಲ ಅಲೆ ದಾರಿಯಲ್ಲಿ ಕಳೆದುದು ೧೦೮ ಗಂಟೆ, ಎಂದರೆ ನಾಲ್ಕೂವರೆ ದಿನ. ಅದರ ವೇಗದಿಂದ ದೂರ ಸುಮಾರು ೬,೦೦೦ ಕಿಲೋಮೀಟರ್. ಕಾರವಾರದಿಂದ ದಕ್ಷಿಣಕ್ಕೆ ಇಷ್ಟು ದೂರ ಎಣಿಸಿದರೆ ನಾವು ದಕ್ಷಿಣ ಅಕ್ಷಾಂಶ ೪೦ರ ಸಮೀಪ, ಬಿರುಗಾಳಿಗಳ ತವರಿನಲ್ಲಿರುತ್ತೇವೆ. ವಾಲ್ಟರ್ ಮಂಕರು ಮತ್ತು ಅವರ ಸಂಗಡಿಗರು ೧೯೬೩ರಲ್ಲಿ ನ್ಯೂಜಿಲೆಂಡಿನಿಂದ ಅಲಾಸ್ಕದವರೆಗೆ ಠಾಣೆಗಳನ್ನಿಟ್ಟು, ದಕ್ಷಿಣ ಮಹಾಸಾಗರದ ಬಿರುಗಾಳಿಗಳ ಅಲೆಗಳು ಇಡೀ ಪೆಸಿಫಿಕ್ ಸಾಗರವನ್ನು ದಾಟಿ ಹೋಗುವುದನ್ನು ಈ ತತ್ತ್ವದಿಂದಲೇ ತೋರಿಸಿದರು.

ಇಂತಹ ಉಬ್ಬಲೆಗಳು ದಡದ ಮೇಲೇರಿ ಬರುವುದನ್ನು ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಸುಳಿವಿಲ್ಲದೆ ಬರುವ ಕಡಲು ಎಂದರ್ಥ. ಅದು ಹೆಚ್ಚಾಗಿ ಕಾಣುವುದು ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ. ೨೦೧೨ರಲ್ಲಿ ಯುನೆಸ್ಕೊ ಈ ಹೆಸರನ್ನು ಶಾಸ್ತ್ರೀಯ ಬಳಕೆಗೆ ಅಂಗೀಕರಿಸಿತು. ೨೦೨೪ರ ಮೇ ಮೊದಲ ವಾರದಲ್ಲಿ ದಕ್ಷಿಣದ ಕರಾವಳಿಗಳನ್ನು ಮುಟ್ಟಿದ ಅಲೆಗಳು ಏಪ್ರಿಲ್ ಕೊನೆಯ ವಾರದಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿದವು. ದಾರಿಯ ಆ ಐದಾರು ದಿನಗಳೇ ನಮಗೆ ದೊರೆಯುವ ಅವಕಾಶ. ಹೈದರಾಬಾದಿನ ಕೇಂದ್ರವು ೨೦೨೦ರಿಂದ ಇದಕ್ಕಾಗಿಯೇ ಪ್ರತ್ಯೇಕ ಮುನ್ಸೂಚನೆಯ ವ್ಯವಸ್ಥೆಯನ್ನು ನಡೆಸುತ್ತಿದೆ. ಕಡಲು ಕಳ್ಳನಾಗಿರುವುದು ದಾಖಲೆಯನ್ನು ಓದದವರ ಪಾಲಿಗೆ ಮಾತ್ರ.

೭

ಕೊನೆಯಲ್ಲಿ ಈ ದಾಖಲೆಯ ಮಿತಿಗಳನ್ನೂ ಹೇಳುವುದು ಅಗತ್ಯ. ತೇಲುಗುಂಡು ತಾನಿರುವ ಸ್ಥಳದ ಸಾಕ್ಷಿಯೇ ಹೊರತು ನಾವು ನಿಂತ ದಂಡೆಯ ಸಾಕ್ಷಿಯಲ್ಲ. ದಡಕ್ಕೆ ಬಂದು ಒಡೆದ ನೀರು ಒಂದು ಕಿರುದಾರಿಯಲ್ಲಿ ಕೂಡಿ ರಭಸದಿಂದ ಹಿಂದಕ್ಕೆ ಹರಿಯುವ ಸೆಳವನ್ನು ಅದು ಅಳೆಯದು. ಕಾಲಿನಡಿಯ ಮರಳು ಎಲ್ಲಿ ಜರಿಯುವುದೆಂಬುದನ್ನೂ ಅದು ಹೇಳದು. ಆ ತಿಳಿವು ಸ್ಥಳದ ಮೀನುಗಾರರಲ್ಲಿಯೂ ಜೀವರಕ್ಷಕರಲ್ಲಿಯೂ ಇದೆ. ಲಿಖಿತ ದಾಖಲೆಯೊಡನೆ ಸ್ಥಳೀಯರ ಹೇಳಿಕೆಯನ್ನು ಕೂಡಿಸಿ ನಿರ್ಣಯಕ್ಕೆ ಬರುವುದು ನಮ್ಮ ಶಾಸ್ತ್ರಕ್ಕೆ ಹೊಸ ಮಾತಲ್ಲ.

ಆದುದರಿಂದ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಹೊರಡುವ ಮೊದಲು ಆ ಕರಾವಳಿಯ ಮುನ್ಸೂಚನೆಯನ್ನು ತೆಗೆದು ಮೂರು ಅಂಕಿಗಳನ್ನೂ ಓದಬೇಕು. ಆವರ್ತಕಾಲ ಹನ್ನೆರಡು ಸೆಕೆಂಡಿಗೆ ಮೇಲಿದ್ದರೆ, ಎತ್ತರ ಚಿಕ್ಕದಾಗಿ ತೋರಿದರೂ, ದೀರ್ಘ ಉಬ್ಬಲೆಯಿದೆಯೆಂದು ತಿಳಿಯಬೇಕು. ದಡಕ್ಕೆ ಹೋದ ಮೇಲೆ ಕಾಲು ಗಂಟೆಯಾದರೂ ದೂರ ನಿಂತು ಗಡಿಯಾರ ಹಿಡಿದು ನೆತ್ತಿಗಳನ್ನೆಣಿಸಬೇಕು. ಹತ್ತು ಅಲೆಗಳು ಬರಲು ಹಿಡಿದ ಕಾಲವನ್ನು ಹತ್ತರಿಂದ ಭಾಗಿಸಿದರೆ ಆವರ್ತಕಾಲ ತಾನೇ ಸಿಕ್ಕುತ್ತದೆ. ಇದನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿದರೆ ಅದು ಪ್ರವಾಸದ ಒಂದು ಒಳ್ಳೆಯ ಪಾಠವೂ ಆಗುತ್ತದೆ. ಎಚ್ಚರಿಕೆ ಪ್ರಕಟವಾಗಿದ್ದರೆ ನೀರಿಗೆ ಇಳಿಯಕೂಡದು. ಈ ವಿಷಯದಲ್ಲಿ ಹುಡುಗರ ಬೇಸರವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹಮ್ಮಿಗಿಯ ರೈತನು ಮಲೆನಾಡಿನ ಮಳೆಯನ್ನು ಕಂಡವನಲ್ಲ. ಆದರೂ ಹೊಳೆಯ ವಿಷಯದಲ್ಲಿ ಮೋಸಹೋಗುವುದಿಲ್ಲ. ಕಡಲಿನ ಮೇಲುನಾಡು ಇನ್ನೂ ದೂರದಲ್ಲಿದೆ. ಅಲ್ಲಿಂದ ಸುದ್ದಿ ತರುವ ತೇಲುಗುಂಡು ಮಾತ್ರ ಕಾರವಾರದಲ್ಲಿಯೇ ಇದೆ. ಅದರ ಬರಹವನ್ನು ಓದಲು ಕಲಿತರೆ ನಮ್ಮ ಮಕ್ಕಳು ಕಡಲನ್ನು ಕಂಡು ಸುಖವಾಗಿ ಊರಿಗೆ ಮರಳುವರು.